ಕಲ್ಲುಮನೆಗೆ ಇನ್ನೆರಡು ತಾಸು

ಸಿದ್ದಾಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಬಡ್ಡಿ, ಖೋಖೋ ಕಲಿಸುವ ನನಗೆ ಸ್ಕೀ ಹುಚ್ಚು ಹೇಗೆ ಹಿಡಿಯಿತೆಂದು ಕೇಳಿದರೆ ಉತ್ತರವಿಲ್ಲ. ಸಾಹಸ ತರಬೇತಿಗೆಂದು ಹಿಮಾಚಲಕ್ಕೆ ಹೋದಾಗ ಹಿಡಿದದ್ದು, ಮತ್ತೆ ಬಿಡಲಿಲ್ಲ. ಅಲ್ಲಿ ಬೆಟ್ಟದ ನೆತ್ತಿಯ ಹತ್ತಿರ ಒಂದು ಕಲ್ಲುಮನೆಯಿದೆ. ಚಳಿಗಾಲದಲ್ಲಿ ಸ್ಕೀ ಕಟ್ಟಿಕೊಂಡೇ ಅಲ್ಲಿಗೆ ಏರಬೇಕು, ತಂಗಿದ್ದು ಮರುದಿನ ಜಾರುತ್ತ ಇಳಿಯಬೇಕು. ಎರಡು ಸಲ ಹೋಗಿ ಎರಡೂ ಸಲ ಅರ್ಧದಿಂದ ತಿರುಗಿದ್ದೆ, ಒಮ್ಮೆ ಗಾಳಿಗೆ, ಒಮ್ಮೆ ಜ್ವರಕ್ಕೆ. ಮೂರನೇ ಸಲ ಹೊರಟಾಗ ನನಗೆ ನಲವತ್ತೆಂಟು. ಮಂಡಿ ಕಟಕಟ ಅನ್ನುತ್ತಿತ್ತು. ಈ ಸಲ ಆಗದಿದ್ದರೆ ಇನ್ನು ಆಗುವುದಲ್ಲ ಎಂದು ನನಗೆ ಗೊತ್ತಿತ್ತು.

ಜೊತೆಗೆ ಬಂದವರು ನನ್ನ ಗಂಡ. ಶಿರಸಿಯಲ್ಲಿ ಅವರದ್ದು ಪಂಪ್‌ಸೆಟ್ ರಿಪೇರಿ ಅಂಗಡಿ. ಡಿಸೆಂಬರ್ ಬಂತೆಂದರೆ ಮಫ್ಲರ್ ಸುತ್ತಿಕೊಂಡು ಬಚ್ಚಲೊಲೆಯ ಮುಂದೆ ಕೂರುವ ಜನ. ನಾನು ಒಬ್ಬಳೇ ಹೋಗಬಾರದೆಂದು ಎರಡು ಚಳಿಗಾಲ ಹಿಮಾಚಲಕ್ಕೆ ಹೋಗಿ ಬಿದ್ದು ಎದ್ದು ಸ್ಕೀ ಕಲಿತಿದ್ದರು.

ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀಯ ಅಡಿಗೆ ರೋಮದ ಪಟ್ಟಿ ಅಂಟಿಸುತ್ತಾರೆ. ಕಾಲೆತ್ತುವುದಿಲ್ಲ, ಎಳೆಯುವುದು. ಎಳೆ, ನಿಲ್ಲು, ಉಸಿರು ಬಿಡು, ಮತ್ತೆ ಎಳೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇದು ಹತ್ತಿರದಿಂದಲೂ ನುಣ್ಣಗೇ ಇತ್ತು, ಅದೇ ತೊಂದರೆ. ಮಧ್ಯಾಹ್ನದ ಹೊತ್ತಿಗೆ ನನ್ನಲ್ಲಿ ಸಂತೋಷವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬರೀ ದಣಿವು.

ಗಂಡ ಮಾತು ನಿಲ್ಲಿಸಿದ್ದನ್ನು ಆಗಲೇ ಗಮನಿಸಿದೆ. ಸಾರಿಗೆ ಉಪ್ಪು ಒಂದು ಹರಳು ಕಡಿಮೆಯಾದರೆ ಮೂರು ದಿನ ಹೇಳುವವರು! ಎಡಗಾಲನ್ನು ಸೊಟ್ಟಗೆ ಇಟ್ಟು ಎಳೆಯುತ್ತಿದ್ದರು. ಬಾಡಿಗೆಯ ಬೂಟು ಕಚ್ಚಿದೆ ಎಂದು ತಿಳಿಯಲು ಡಾಕ್ಟರು ಬೇಕಿರಲಿಲ್ಲ.

ನಮ್ಮಿಬ್ಬರಿಗೆ ಗೈಡ್ ಒಬ್ಬನೇ. ಹೊರಡುವಾಗಲೇ ಹೇಳಿದ್ದ: ಒಬ್ಬರಿಗೆ ಆಗದಿದ್ದರೆ ಇಬ್ಬರೂ ಇಳಿಯುವುದು, ಹಿಮದಲ್ಲಿ ಯಾರನ್ನೂ ಕೂರಿಸಿ ಹೋಗುವುದಿಲ್ಲ. ಕೊನೆಯ ಏರಿನ ಬುಡದಲ್ಲಿ ನಿಂತು ಗಂಡನನ್ನು ಕೇಳಿದ, "ಠೀಕ್ ಹೈ?"

"ಠೀಕ್ ಹೈ" ಅಂದರು.

ಅವನು ನಂಬಿದ. ಅವನ ತಪ್ಪಲ್ಲ. ನಮ್ಮ ಕಡೆ ಮೊದಲ ಉತ್ತರಕ್ಕೆ ಬೆಲೆಯಿಲ್ಲ ಎಂದು ಅವನಿಗೇನು ಗೊತ್ತು? ಊಟಕ್ಕೆ ಕೂತವರು ಬೇಡ ಅಂದರೆ ಮತ್ತೆ ಕೇಳಬೇಕು, ಆಮೇಲೂ ಒಮ್ಮೆ ಒತ್ತಾಯ ಮಾಡಬೇಕು. ಒಂದೇ ಸಲ ಕೇಳಿ ಪಾತ್ರೆ ಎತ್ತಿಕೊಂಡು ಹೋಗುವುದನ್ನು ಹೆಗ್ಗರಣೆಯ ನನ್ನ ತವರಿನಲ್ಲಿ ಬಡಿಸುವುದು ಎನ್ನುವುದೇ ಇಲ್ಲ. ನನ್ನ ಗಂಡನ ನಿಜವೂ ಎರಡನೇ ಸಲಕ್ಕೇ ಹೊರಗೆ ಬರುವಂಥದ್ದು. ಆ ಬೆಟ್ಟದ ಮೇಲೆ ಎರಡನೇ ಸಲ ಕೇಳಬೇಕಾದವಳು ನಾನು.

ಮೇಲೆ ಕಲ್ಲುಮನೆಯ ತಗಡಿನ ಮಾಡು ಕಾಣುತ್ತಿತ್ತು. ಇನ್ನೆರಡು ತಾಸು ಅಂದ ಗೈಡ್. ನಾನು ನೀರು ಕುಡಿದೆ, ಕೈಗವಸು ಸರಿಮಾಡಿಕೊಂಡೆ, ಮುಂದೆ ಹೊರಟೆ. ಹಿಂದಿನಿಂದ ಅವರ ಸ್ಕೀಯ ಸದ್ದು ಬರುತ್ತಿತ್ತು, ಒಂದು ಉದ್ದ, ಒಂದು ಗಿಡ್ಡ. ನಾನು ತಿರುಗಿ ನೋಡಲಿಲ್ಲ.

ಮುಟ್ಟಿದೆವು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಗೋಡೆಗೆ ಕೈಯಿಟ್ಟು ಸುಮ್ಮನೆ ನಿಂತೆ. ಒಳಗೆ ಹೋಗಿ ಅವರ ಬೂಟು ಬಿಚ್ಚಿದರೆ ಸಾಕ್ಸು ಹಿಮ್ಮಡಿಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಬಿಡಿಸಿದಾಗ ಚರ್ಮವೂ ಅದರ ಜೊತೆಗೇ ಬಂತು. ಹೇಳಬಾರದಿತ್ತೇ ಎಂದು ಗೈಡ್ ಹಿಂದಿಯಲ್ಲಿ ಚೆನ್ನಾಗಿ ಬೈದ. ಇವರು ತಲೆ ತಗ್ಗಿಸಿ ಬೈಸಿಕೊಂಡರು.

ಅವನು ಹೊರಗೆ ಹೋದ ಮೇಲೆ ಗಾಯಕ್ಕೆ ಬಟ್ಟೆಪಟ್ಟಿ ಸುತ್ತುತ್ತ, "ಎಂತಕ್ಕೆ ಹೇಳಿದ್ದಿಲ್ಲೆ?" ಎಂದು ಕೇಳಿದೆ. ಕೇಳಲು ನನಗೆ ನಾಚಿಕೆಯೂ ಆಗಲಿಲ್ಲ.

"ನಿಂಗೆ ಇದು ಮೂರನೇ ಸಲ ಅಲ್ದಾ" ಅಂದರು. "ನೀ ಮತ್ತೆ ಕೇಳಿದ್ರೆ ಆನು ಹೇಳೇ ಬಿಡ್ತಿದ್ದಿ. ಪುಣ್ಯಕ್ಕೆ ನಿಂಗೆ ಗೊತ್ತಾಯ್ದಿಲ್ಲೆ, ಚೊಲೋ ಆತು."

ಗೊತ್ತಾಗಿತ್ತು ಎನ್ನಲು ಬಾಯಿ ಬರಲಿಲ್ಲ. ಪಟ್ಟಿಯ ಗಂಟು ಬಿಗಿದೆ. ಆ ಮಾತು ಇವತ್ತಿಗೂ ಬಾಯಿಗೆ ಬಂದಿಲ್ಲ. ಮನೆಗೆ ಬಂದವರಿಗೆಲ್ಲ ಅವರು ನಮ್ಮನೆಯವಳು ಕಲ್ಲುಮನೆ ಹತ್ತಿದ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ನಾನು ಎದ್ದು ಒಳಗೆ ಹೋಗಿ ಚಹಾಕ್ಕೆ ಇಡುತ್ತೇನೆ.