ಫೌಜದಾರರು ಬೂಟು ಬಿಚ್ಚಿದ ದಿನ

ನಾನು ಓದು ನಿಲ್ಲಿಸಿದ್ದು ೧೯೪೨ರಲ್ಲಿ, ಇಂಗ್ಲಿಷ್ ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಶಾಲೆಯವರೇ ನನ್ನನ್ನು ಹೊರಗೆ ಹಾಕಿದರೆಂದು ಶಿಗ್ಗಾಂವಿಯ ಕೆಲವರು ಇಂದಿಗೂ ಹೇಳುವುದುಂಟು. ಅದು ಸುಳ್ಳು. ಬಿಟ್ಟವನು ನಾನು. ಬಡಿಗೇರ ಈರಪ್ಪನ ಮಗನಿಗೆ ಬಾಗಿಲು ಮಾಡುವುದೂ ಗೊತ್ತು, ಅದನ್ನು ಎಳೆದುಕೊಂಡು ಹೊರಗೆ ನಡೆಯುವುದೂ ಗೊತ್ತು.

ಬಾಗಿಲಿನ ಮಾತು ಬಂದ ಮೇಲೆ ಹೊಸ್ತಿಲನ್ನು ಬಿಡುವಂತಿಲ್ಲ. ಮನೆ ಕಟ್ಟಿಸುವವರು ನನ್ನ ಹತ್ತಿರ ಬಂದು ಚೌಕಟ್ಟಿನಲ್ಲಿ ಗಿಳಿ ಇರಬೇಕೋ ನವಿಲು ಇರಬೇಕೋ ಎಂದು ಚಹಾ ಆರುವವರೆಗೆ ವಾದಿಸುತ್ತಾರೆ. ಹೊಸ್ತಿಲಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಆದರೆ ಮನೆಯ ನಿಜವಾದ ಯಜಮಾನ ಅದೇ. ಅದರ ಮೇಲೆ ಕೂಡಬಾರದು, ನಿಂತು ಸೀನಬಾರದು, ಆಚೆ ನಿಂತು ಈಚೆಯವರಿಗೆ ಏನನ್ನೂ ಕೊಡಬಾರದು. ಪುರಾಣದ ರಾಕ್ಷಸನೊಬ್ಬನನ್ನು ಒಳಗೂ ಕೊಲ್ಲಲಾಗದೆ ಹೊರಗೂ ಕೊಲ್ಲಲಾಗದೆ ದೇವರು ಕೊನೆಗೆ ಹೊಸ್ತಿಲ ಮೇಲೆ ಕೂತು ಕೆಲಸ ಮುಗಿಸಬೇಕಾಯಿತಂತೆ. ಆ ಸವಲತ್ತು ದೇವರಿಗೆ ಮಾತ್ರ. ಇಷ್ಟು ದರ್ಬಾರು ನಡೆಸುವ ವಸ್ತು ಏನೆಂದರೆ, ಹಾನಗಲ್ಲ ಅಡವಿಯ ಒಂದು ಮರದ ತುಂಡು.

ಅಪ್ಪ ಕೂಡಿಸಿದ ಹೊಸ್ತಿಲುಗಳಲ್ಲೆಲ್ಲ ಭಾರಿ ಕಟ್ಟುನಿಟ್ಟಿನದು ನಮ್ಮ ಶಾಲೆಯ ಮೂಲೆಯ ಖೋಲಿಯದು. ಅದರ ಒಳಗೆ ಇಂಗ್ಲಿಷ್ ಕಲಿಸುವ ಶೇಷಾಚಾರ್ಯ ಮಾಸ್ತರರಿದ್ದರು. ಹಣೆಯ ಮೇಲೆ ಅಂಗಾರ ಅಕ್ಷತೆ, ಕೊರಳವರೆಗೆ ಗುಂಡಿ ಹಾಕಿದ ಕರಿಕೋಟು, ಕಚ್ಚೆಪಂಚೆ, ತಲೆಗೆ ರುಮಾಲು. ಅವರ ಖೋಲಿಗೆ ಬರುವವರು ಯಾರೇ ಇರಲಿ, ಕಾಲಲ್ಲಿದ್ದುದನ್ನು ಹೊರಗೆ ಬಿಟ್ಟು, ಹೊಸ್ತಿಲಾಚೆ ನಿಂತು, 'ಮೇ ಐ ಕಮ್ ಇನ್, ಸರ್' ಎಂಬ ಐದು ಶಬ್ದ ನುಡಿಯಬೇಕು. ಅವರು 'ಯೆಸ್' ಅಂದರೆ ಒಳಗೆ. 'ನೋ' ಅಂದರೆ ಗಂಟೆ ಆಗುವವರೆಗೆ ಅಲ್ಲೇ. ಹೆಡ್‌ಮಾಸ್ತರರೂ ಕೇಳಿಯೇ ಬರುತ್ತಿದ್ದರು. ಒಮ್ಮೆ ಮಾಸ್ತರರ ಮನೆಯಿಂದ ಅವಲಕ್ಕಿಯ ಡಬ್ಬಿ ತಂದ ಹುಡುಗ, ಐದು ಶಬ್ದ ಬಾರದೆ, ಡಬ್ಬಿಯನ್ನು ಹೊರಗಿಟ್ಟು ಓಡಿಹೋದ. ನಾಯಿ ಏನನ್ನೂ ಕೇಳದೆ ತಿಂದಿತು. ಮಾಸ್ತರರು ಖಾಲಿ ಡಬ್ಬಿ ನೋಡಿ, "ಈ ಸಲಾ ಏಕಾದಶಿ ಒಂದ ದಿನಾ ಮೊದಲ ಬಂತು," ಎಂದು ಪಾಠ ಮುಂದುವರಿಸಿದರು.

ಹೀಗೆಂದರೆ ಅವರು ಹುಲಿಯಂತಿದ್ದರೆಂದು ನೀವು ತಿಳಿಯಬಾರದು. ಪಾಠದಲ್ಲಿ ಕುದುರೆ ಬಂದರೆ ಅವರೇ ಕುದುರೆಯಾಗಿ ಕೆನೆಯುತ್ತಿದ್ದರು. ಒಂದು ದಿನ ನಾನು ಎದ್ದು ನಿಂತು, ಉಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಬೇರೆ ಮಾಸ್ತರರಾಗಿದ್ದರೆ ಬಡಿಗನ ಮಗ ಬಡಿಗತನವನ್ನೇ ಕೇಳಿದನೆಂದು ನಗುತ್ತಿದ್ದರು. ಇವರು ರುಮಾಲು ಸರಿಮಾಡಿಕೊಂಡರು.

"ನನಗ ಗೊತ್ತಿಲ್ಲೋ ಬಡಿಗ್ಯಾ. ನಾಳೆ ನಿಮ್ಮಪ್ಪನ ಪೆಟ್ಟಿಗಿ ತಗೊಂಡು ಬಾ. ನಾ ಡಿಕ್ಷನರಿ ತರ್ತೇನಿ. ಇಬ್ಬರೂ ಕೂಡಿ ನೋಡೋಣು."

ಮರುದಿನ ಉಳಿ, ಬಾಚಿ, ಕರಗಸ, ಇಕ್ಕಳ ಎಲ್ಲವೂ ಮೇಜಿನ ಮೇಲೆ ಸಾಲಾಗಿ ಮಲಗಿದವು. ಮಾಸ್ತರರು ಒಂದೊಂದನ್ನೂ ಕೂಸು ಎತ್ತಿದಂತೆ ಎತ್ತಿ ಹೆಸರು ಹೇಳಿಸಿದರು. ಇಕ್ಕಳದ ಹಿಡಿಕೆಯ ಮೇಲೆ ಅಪ್ಪ ಹೊಡೆದಿದ್ದ ಮೂರು ಚುಕ್ಕೆಗಳನ್ನು ಬೆರಳಿನಿಂದ ಸವರಿ, "ಇದೇನೋ?" ಎಂದರು. ಅದು ಅಪ್ಪನ ಗುರುತು, ಅದನ್ನು ನೋಡಿದರೆ ತಾಲೂಕಿನ ಯಾವ ಕಮ್ಮಾರನೂ ಈರಪ್ಪನ ಹತಾರೆಂದು ಹೇಳುತ್ತಾನೆ ಎಂದೆ. ಅಪ್ಪನ ಕೆಲಸಕ್ಕೂ ಇಂಗ್ಲಿಷಿನಲ್ಲಿ ಹೆಸರಿದೆಯೆಂದು ತಿಳಿದ ಆ ದಿನ ನಾನು ಮನೆಗೆ ನಡೆದುಕೊಂಡು ಹೋಗಲಿಲ್ಲ, ಹಾರಿಕೊಂಡು ಹೋದೆ.

ಆ ಮೂರು ಚುಕ್ಕೆಗಳೇ ಮುಂದೆ ಕೊರಳಿಗೆ ಬಂದವು.

ಚಲೇಜಾವ್ ಚಳವಳಿಯ ಮಳೆಗಾಲ ಅದು. ಊರಲ್ಲಿ ಇಬ್ಬರು ದೊಡ್ಡ ಹುಡುಗರು ನನ್ನನ್ನು ಇಕ್ಕಳ ಕೇಳಿದರು. ಯಾಕೆಂದು ನಾನು ಕೇಳಲಿಲ್ಲ, ಯಾಕೆಂದು ನನಗೆ ಗೊತ್ತಿತ್ತು. ಮರುದಿನ ಮುಂಜಾನೆ ಶಾಲೆಯ ದಾರಿಯಲ್ಲಿ ತಿರುಗಿ ಕೊಟ್ಟರು. ಹಿಡಿಕೆಗೆ ಟೆಲಿಗ್ರಾಫ್ ತಾರಿನ ಕಂಬದ ತಂತಿಯ ಒಂದು ತುಂಡನ್ನು ಪ್ರಸಾದದ ಹಾಗೆ ಸುತ್ತಿದ್ದರು! ಮನೆಗೆ ಓಡಲು ಹೊತ್ತಿರಲಿಲ್ಲ, ಬಿಸಾಡಲು ಅದು ಅಪ್ಪನ ಇಕ್ಕಳ. ಚೀಲದಲ್ಲಿ ತುರುಕಿಕೊಂಡು, ಐದು ಶಬ್ದ ಹೇಳಿ, ಒಳಗೆ ಹೋಗಿ ಕೂತೆ.

ಪಾಠ ಅರ್ಧವಾಗಿತ್ತು. ಪಡಸಾಲೆಯಲ್ಲಿ ಬೂಟಿನ ಸದ್ದು ಕೇಳಿತು. ಶಾಲೆಯಲ್ಲಿ ಬೂಟು ಹಾಕುವವರು ಯಾರೂ ಇರಲಿಲ್ಲ. ಸದ್ದು ಒಂದೊಂದೇ ಖೋಲಿ ದಾಟಿ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ಪೊಲೀಸ್ ಠಾಣೆಯ ಫೌಜದಾರ ಬಸಪ್ಪನವರು. ನನ್ನ ಪಕ್ಕದಲ್ಲಿ, ಕಿಟಕಿಯ ಬದಿಗೆ, ಸವಣೂರಿನ ಎಲೆ ವ್ಯಾಪಾರಿಯ ಮಗ ಹುಸೇನ ಕೂತಿದ್ದ. ಅವನು ತುಟಿ ಅಲುಗಿಸದೆ, "ತಂತಿ ಹುಡಕಾಕ ಬಂದಾರ. ನಿನ್ನೆ ಕಡದಾರಂತ," ಎಂದ. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಕಾಲ ಬುಡದ ಚೀಲ ನೋಡಿದ. ಅವನಿಗೆ ತಿಳಿಯಿತು. ಇಕ್ಕಳ ಸಿಕ್ಕರೆ ನಾನು ಒಬ್ಬನೇ ಹೋಗುವುದಿಲ್ಲ. ಮೂರು ಚುಕ್ಕೆಗಳು ಅಪ್ಪನನ್ನೂ ಕರೆದುಕೊಂಡು ಹೋಗುತ್ತವೆ.

ಫೌಜದಾರರು ಒಳಗೆ ಬರಲು ಕಾಲೆತ್ತಿದವರು ಹಾಗೇ ನಿಂತರು. ಕೆಳಗೆ ಹೊಸ್ತಿಲು ನೋಡಿದರು. ಮಾಸ್ತರರ ಬೆನ್ನು ನೋಡಿದರು. ಆಮೇಲೆ ಬಗ್ಗಿ, ಕಾಲಿಗೆ ಸುತ್ತಿದ ಖಾಕಿ ಪಟ್ಟಿಯನ್ನು ಬಿಚ್ಚತೊಡಗಿದರು. ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿತು, ಲೇಸು ಬಿಚ್ಚಿತು, ಒಂದು ಬೂಟು ಬಂತು, ಇನ್ನೊಂದು ಬೂಟು ಬಂತು. ತಾಲೂಕನ್ನು ನಡುಗಿಸುವ ಮನುಷ್ಯ ಬರಿಗಾಲಿನಲ್ಲಿ ಹೊಸ್ತಿಲಾಚೆ ನಿಂತು, ಕೈಕಟ್ಟಿ, "ಮೇ ಐ ಕಮ್ ಇನ್, ಸರ್?" ಎಂದರು.

ಅವರೂ ಅದೇ ಖೋಲಿಯ ಹುಡುಗರೆಂದು ನಮಗೆ ಗೊತ್ತಾದದ್ದು ಆಗಲೇ.

ಮಾಸ್ತರರು ಹಲಗೆಯಿಂದ ತಿರುಗಲಿಲ್ಲ. "ನೋ. ತಾಸು ನಡದದ ಬಸಪ್ಪಾ. ಘಂಟಿ ಆಗೂತನಕಾ ನಿಂದ್ರು."

"ಸರಕಾರಿ ಕೆಲಸ ಐತ್ರಿ, ಸರ್."

"ಇದೂ ಸರಕಾರಿ ಕೆಲಸನ. ನನಗೂ ಪಗಾರ ಅಲ್ಲಿಂದನ ಬರ್ತದ."

ಪಾಠ ನಡೆಯಿತು. ಸಾಲಾಗಿ ಒಬ್ಬೊಬ್ಬರೇ ಎದ್ದು ಓದುವ ಸರದಿ. ಓದುವವರ ದನಿ ನನಗೆ ಬಾವಿಯ ಒಳಗಿನಿಂದ ಬಂದಂತೆ ಕೇಳುತ್ತಿತ್ತು. ಫೌಜದಾರರ ಕಣ್ಣು ಬೆಂಚಿನಿಂದ ಬೆಂಚಿಗೆ ನಡೆದು ಬರುತ್ತಿತ್ತು. ಮಾಸ್ತರರು ಪುಸ್ತಕ ಹಿಡಿದು ಬೆಂಚುಗಳ ನಡುವೆ ನಡೆಯುತ್ತ ನನ್ನ ಹತ್ತಿರ ಬಂದು ನಿಂತರು. ಕೆಳಗೆ ನೋಡಿದೆ. ಚೀಲದ ಬಾಯಿಯಿಂದ ಇಕ್ಕಳದ ಹಿಡಿಕೆ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು. ಚುಕ್ಕೆಗಳು ಕಾಣುತ್ತಿದ್ದವು. ಮಾಸ್ತರರಿಗೂ ಕಂಡಿರಬೇಕು, ಆ ಚುಕ್ಕೆಗಳನ್ನು ಸವರಿದ ಬೆರಳು ಅವರದೇ. ಅವರು ಬಗ್ಗಿ ಚೀಲವನ್ನೆತ್ತಿದರು.

"ವಿದ್ಯಾ ಕಾಲ ಬುಡಕ ಇಡಬಾರದು ಅಂತ ಎಷ್ಟ ಸಲಾ ಹೇಳೇನಿ? ಹುಸೇನಾ, ನಿನ್ನ ಗೆಳ್ಯಾಗ ಬುದ್ಧಿ ಇಲ್ಲ. ಈ ಚೀಲಾ ನೀ ಹಿಡಕೊ."

ಚೀಲ ಕಿಟಕಿಯ ಬದಿಗೆ, ಹುಸೇನನ ತೊಡೆಯ ಮೇಲೆ ಕೂತಿತು. ಆ ಕಿಟಕಿಯ ಮರದ ಸಲಾಕೆಗಳಲ್ಲಿ ಒಂದು ಸಡಿಲವಾಗಿತ್ತು. ಮೇಲಕ್ಕೆತ್ತಿ ಎಳೆದರೆ ಕೈಗೇ ಬರುತ್ತಿತ್ತು. ಅಪ್ಪನಿಗೆ ಹೇಳಿ ಸರಿಮಾಡಿಸೋ ಎಂದು ಮಾಸ್ತರರು ಹೋದ ಮಳೆಗಾಲದಿಂದ ಹೇಳುತ್ತಿದ್ದರು. ಹುಡುಗರೆಲ್ಲರ ಹಿತ ನೋಡಿ ನಾನು ಮರೆಯುತ್ತ ಬಂದಿದ್ದೆ.

ಗಂಟೆಯಾಯಿತು. ಮಾಸ್ತರರು ಪುಸ್ತಕ ಮುಚ್ಚಿ, "ಯೆಸ್, ಕಮ್ ಇನ್," ಎಂದರು. ಫೌಜದಾರರು ಬರಿಗಾಲಿನಲ್ಲಿ ಒಳಗೆ ಬಂದು, ಮೊದಲ ಬೆಂಚಿನವರಿಗೆ, "ಚೀಲಾ ತಗೀರಿ," ಎಂದರು. ಎಲ್ಲರೂ ಒಮ್ಮೆಗೇ ಎದ್ದೆವು. ಆ ಗದ್ದಲದಲ್ಲಿ ನನ್ನ ಪಕ್ಕ ಗಾಳಿ ಬೀಸಿದಂತಾಯಿತು. ತಿರುಗಿದರೆ, ಸಲಾಕೆ ಬೆಂಚಿನ ಮೇಲಿದೆ, ಹುಸೇನ ಇಲ್ಲ. ಎಲೆಬಳ್ಳಿಯಂತಹ ಮೈ ಅವನದು, ಸಂದಿಯಲ್ಲಿ ನುಸುಳಿ ಹಿತ್ತಿಲಿನ ಜಾಲಿಮುಳ್ಳಿನ ಬಯಲಿನಲ್ಲಿ ಓಡುತ್ತಿದ್ದ.

"ಏ! ನಿಂದ್ರಲೇ!" ಫೌಜದಾರರು ಬಾಗಿಲಿಗೆ ಹಾರಿದರು. ಕಿಟಕಿಯಾಚೆಯ ಬಯಲು ನೋಡಿದರು, ತಮ್ಮ ಕಾಲು ನೋಡಿಕೊಂಡರು, ಬೂಟು ಎಳೆದುಕೊಂಡು ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

"ಬಸಪ್ಪಾ!" ಮಾಸ್ತರರ ದನಿ ಛಡಿಯಂತೆ ಬಿತ್ತು. "ಹೊಸ್ತಿಲ ಮ್ಯಾಲೆ ಕೂಡ್ತಾರೇನೋ? ಮನ್ಯಾಗ ಹಿರ್ಯಾರು ಇಲ್ಲೇನು ನಿನಗ?"

ಫೌಜದಾರರು "ತಪ್ಪಾತ್ರಿ" ಎಂದು ಎದ್ದರು. ಬೂಟು ಹಿಡಿದುಕೊಂಡು ಪಡಸಾಲೆಯ ಮೆಟ್ಟಿಲಿಗೆ ಹೋಗಿ ಕೂತು, ಲೇಸು ಕಟ್ಟಿ, ಪಟ್ಟಿ ಸುತ್ತತೊಡಗಿದರು. ಗೇಟಿನಲ್ಲಿ ಅವರ ಸೈಕಲ್ ಹಿಡಿದು ನಿಂತಿದ್ದ ಪೊಲೀಸನು, ಸೈಕಲ್ ಬಿಟ್ಟು ಓಡಬೇಕೋ ಹಿಡಿದು ನಿಲ್ಲಬೇಕೋ ತಿಳಿಯದೆ ಸಾಹೇಬರ ಮುಖ ನೋಡಿದ. ಸಾಹೇಬರು ತಲೆ ಎತ್ತಲಿಲ್ಲ. ಎರಡನೆಯ ಪಟ್ಟಿ ಮುಗಿಯುವ ಹೊತ್ತಿಗೆ ಹುಸೇನ ಸವಣೂರಿನ ಹಾದಿ ಹಿಡಿದಿದ್ದ. ಅದು ನವಾಬರ ಸೀಮೆ, ಬೇರೆ ಸಂಸ್ಥಾನ. ಅಲ್ಲಿ ನಮ್ಮ ಫೌಜದಾರರಿಗೂ ಒಂದು ಹೊಸ್ತಿಲಿತ್ತು.

ನಮ್ಮ ಚೀಲಗಳಲ್ಲಿ ಏನೂ ಸಿಗಲಿಲ್ಲ. ಆದರೆ ಸುದ್ದಿ ಮೇಲಿನವರಿಗೆ ಹೋಯಿತು. ಮಾಸ್ತರರನ್ನು ಹಿರೇಕೆರೂರಿಗೆ ವರ್ಗ ಮಾಡಿದರು. ನನಗೆ ಹೆಡ್‌ಮಾಸ್ತರರು, ಓಡಿಹೋದ ಚೀಲ ನಿನ್ನದೆಂದು ಗೊತ್ತಾಗಿದೆ, ಇನ್ನು ಮುಂದೆ ಚಳವಳಿಯವರ ಹತ್ತಿರ ಸುಳಿಯುವುದಿಲ್ಲವೆಂದು ಮಾಫಿ ಬರೆದುಕೊಡು, ಶಾಲೆಯಲ್ಲಿ ಇರು ಎಂದರು. ಅಪ್ಪ, "ಬರದ ಕೊಡೋ ಮಗನ, ಒಂದ ಸಹಿ ಮಾಡಿದ್ರ ಕೈ ಏನ ಸವೆಯೂದಿಲ್ಲ," ಎಂದ. ಚಕ್ಕಡಿಯಲ್ಲಿ ಸಾಮಾನು ಹೇರಿಸುತ್ತಿದ್ದ ಮಾಸ್ತರರೂ ಅದನ್ನೇ ಹೇಳಿದರು. "ಬರದು ಕೊಡೋ ಬಡಿಗ್ಯಾ. ಇಂಗ್ಲಿಷ್ ಅರ್ಧಕ್ಕ ಬಿಡಬ್ಯಾಡ."

"ನೀವ ಇಲ್ಲಂದ ಮ್ಯಾಲೆ ನಾ ಯಾರನ್ನ ಕೇಳಿ ಒಳಗ ಬರ್ಲಿರಿ?" ಎಂದೆ.

ಅವರು ರುಮಾಲು ಸರಿಮಾಡಿಕೊಂಡರು. ಚಕ್ಕಡಿ ಹೊರಟಿತು. ನಾನು ಮನೆಗೆ ಬಂದು ಬಾಚಿ ಹಿಡಿದೆ.

ಅಂದಿನಿಂದ ಒಂದು ಪ್ರಶ್ನೆ ಮುರಿದ ಮೊಳೆಯಂತೆ ನನ್ನಲ್ಲಿ ಉಳಿದಿತ್ತು. ಮಾಸ್ತರರು ತಿಳಿದು ಮಾಡಿದರೋ, ಬರೀ ತಮ್ಮ ಶಿಸ್ತು ನಡೆಸಿದರೋ? ಅವರು ಖಾದಿ ಉಟ್ಟವರಲ್ಲ, ಒಮ್ಮೆಯೂ ಜೈಕಾರ ಹಾಕಿದವರಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಹಂಸಭಾವಿಯಲ್ಲಿ ಒಂದು ಮನೆಯ ಬಾಗಿಲು ಕೂಡಿಸಲು ಹೋದವನು, ಕೆಲಸ ಮುಗಿಸಿ ಹಿರೇಕೆರೂರಿಗೆ ಹೋದೆ. ಮಾಸ್ತರರ ಮನೆ ಹುಡುಕಿ, ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತು ಐದು ಶಬ್ದ ಹೇಳಿದೆ.

"ತಡಾ ಮಾಡಿದೆಲ್ಲೋ ಬಡಿಗ್ಯಾ. ಯೆಸ್, ಕಮ್ ಇನ್."

ಕೂತೆ, ನೀರು ಕುಡಿದೆ, ಕೇಳಿಯೇ ಬಿಟ್ಟೆ.

"ನನ್ನ ಮಾತ ಬಿಡು. ನಾ ಬರೇ ಚೀಲಾ ಎತ್ತಿಟ್ಟೆ. ಬಸಪ್ಪನ ವಿಚಾರಾ ನಿನಗ ಗೊತ್ತದ ಏನು? ಅವ ಶಾಲ್ಯಾಗ ಇದ್ದಾಗ ಓಟದಾಗ ಅವನ್ನ ಮೀರಿಸಾವ ಒಬ್ಬನೂ ಇರಲಿಲ್ಲ. ಬರಿಗಾಲಲೆ ಓಡ್ತಿದ್ದ. ಅದ ಜಾಲಿ ಬಯಲಾಗ."

ಮೆಟ್ಟಿಲ ಮೇಲೆ ತಲೆ ಬಗ್ಗಿಸಿ, ಒಂದೊಂದೇ ಸುತ್ತು, ನಿಧಾನವಾಗಿ ಪಟ್ಟಿ ಸುತ್ತುತ್ತಿದ್ದ ಆ ಮನುಷ್ಯ ಕಣ್ಣಮುಂದೆ ಬಂದ. ಬೂಟು ಹಾಕಿಕೊಂಡೇ ಒಳಗೆ ಬಂದಿದ್ದರೆ ಅವನನ್ನು ತಡೆಯುವವರು ಯಾರಿದ್ದರು? ಒಂದು ಮರದ ತುಂಡೇ?

ಹಾನಗಲ್ಲಿನಲ್ಲಿ ಈಗ ನನ್ನದೆನ್ನುವುದು ಇಷ್ಟು: ಒಂದು ಬಡಿಗತನದ ಕಾರಖಾನೆ, ಎರಡು ಕರಗಸದ ಯಂತ್ರ, ಕೆಲಸಕ್ಕೆ ಆರು ಮಂದಿ, ಮೂರು ಮಕ್ಕಳು, ಹುಸೇನ ಎಲೆಯ ಬುಟ್ಟಿಯಲ್ಲಿಟ್ಟು ತಿರುಗಿ ಕಳಿಸಿದ ಮೂರು ಚುಕ್ಕೆಯ ಒಂದು ಇಕ್ಕಳ, ಮತ್ತು ಇಂಗ್ಲಿಷಿನ ಐದು ಶಬ್ದ.