ಕಾಲುವೆ ಕಡೆಯ ಪಟ್ಟಿ

ತಿಳವಳ್ಳಿಯ ಹತ್ತಿರ ನಮ್ಮದು ಸಣ್ಣ ಭತ್ತದ ಗದ್ದೆ. ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರದ ಆರಾಧನೆಗೆ ಅವ್ವ, ಅಪ್ಪ ಬಸ್ಸು ಹಿಡಿದು ಹಾನಗಲ್ಲಿಗೆ ಹೋಗುತ್ತಿದ್ದರು. ಹಿರೇಕೆರೂರಿನಲ್ಲಿ ಶಿಕ್ಷಕಿಯಾಗಿದ್ದ ನಾನು ಶನಿವಾರ ಊರಿಗೆ ಬಂದರೆ ಅವರ ಜೊತೆಗೇ ಹೊರಡುತ್ತಿದ್ದೆ.

ಒಂದು ವರ್ಷ ಸುಗ್ಗಿಗೆ ಮುಂಚೆ ಸಭಾಪಾಲಕರು ಹಳೆಯ ಒಡಂಬಡಿಕೆಯ ಒಂದು ಕಟ್ಟಳೆಯನ್ನು ವಿವರಿಸಿದರು. ಬೆಳೆಯನ್ನು ಅಂಚಿನವರೆಗೂ ಕೊಯ್ಯಬಾರದು, ಅಷ್ಟನ್ನು ಬಡವರಿಗೆ, ಪರದೇಶಿಗಳಿಗೆ ಬಿಡಬೇಕು. ಮನೆಗೆ ಬಂದವಳೇ ಅವ್ವ, ಈ ಸಲ ನಾವೂ ಬಿಡೋಣ ಎಂದಳು. ಅಪ್ಪ ಒಪ್ಪಿ ರಸ್ತೆ ಕಡೆಯ ಅಂಚು ತೋರಿಸಿದ. ಅಲ್ಲಿ ಆಡುಗಳು ಮೇದು ಹೋಗಿದ್ದವು.

"ಆಡು ತಿಂದು ಉಳದದ್ದು ಕೊಟ್ಟಂಗ ಅಲ್ಲ. ಕಾಲುವಿ ಕಡೀದು ಬಿಡೂಣು," ಎಂದಳು ಅವ್ವ.

ಅದು ಚೆನ್ನಾಗಿ ಬೆಳೆದ ಭಾಗ. ಅಪ್ಪ ಮುಖ ಗಂಟಿಕ್ಕಿದ, ಆದರೂ ಕೊಯ್ಲಿನ ಮಷೀನಿನವನಿಗೆ ಹೇಳಿ ಬಿಡಿಸಿದ.

ಆರಿಸಿಕೊಳ್ಳಲು ಯಾರೂ ಬರಲಿಲ್ಲ. ಮಷೀನು ಕೆಟ್ಟಿರಬೇಕೆಂದು ಕೆಲವರು, ಏನೋ ಹರಕೆಯೆಂದು ಕೆಲವರು ಅಂದುಕೊಂಡರಂತೆ. ಗಿಳಿಗಳು ತಿಂದಷ್ಟು ತಿಂದವು, ಉಳಿದ ಕಾಳು ನೆಲಕ್ಕೆ ಉದುರಿತು.

ನಮ್ಮಲ್ಲಿ ನಾಟಿಗೆ ಬರುತ್ತಿದ್ದ ಹೆಂಗಸೊಬ್ಬಳಿದ್ದಳು, ಅವ್ವನದೇ ವಯಸ್ಸು. ಬದುವಿನ ಮೇಲೆ ಚಹಾ ಕುಡಿಯುವಾಗ ಅವ್ವ ಅವಳನ್ನು ಕೇಳಿದಳು, ಯಾಕೆ ಯಾರೂ ಬರಲಿಲ್ಲ ಎಂದು.

ಅವಳು ಲೋಟ ಕೆಳಗಿಟ್ಟಳು. "ನೀವು ಬಿಟ್ಟದ್ದು ಗೊತ್ತಿತ್ರಿ ಅಕ್ಕಾರ. ಆರಿಸಾಕ ಬಂದ್ರ ಊರ ಮಂದಿ ನೋಡ್ತಾರ. ನಾಳೆ ನಮ್ಮ ಹುಡುಗರಿಗೆ ಆಡಿ ತೋರಸ್ತಾರ."

"ಮತ್ತ ಹೆಂಗ ಮಾಡೂಣು?"

"ಆ ಪಟ್ಟಿ ನನಗ ಲಾವಣಿಗೆ ಕೊಡ್ರಿ. ನಾನ ಸೊಪ್ಪು ಬಿತ್ತೇನಿ, ನಾನ ಕೊಯ್ತೇನಿ."

ಲಾವಣಿಯ, ಅಂದರೆ ಗೇಣಿಯ, ದುಡ್ಡು ಬೇಡವೆಂದಳು ಅವ್ವ. ಪುಕ್ಕಟೆ ಆದರೆ ತನಗೂ ಬೇಡವೆಂದಳು ಅವಳು. ಕಡೆಗೆ ವಾರಕ್ಕೊಂದು ಕಟ್ಟು ಸೊಪ್ಪು ಎಂದು ಮಾತಾಯಿತು. ಮುಂದೆ ಅವಳು ಹೊಲ ತನ್ನದೇ ಎಂದರೆ ಏನು ಮಾಡುವುದೆಂದು ಅಪ್ಪ ಬಹಳ ದಿನ ಗೊಣಗಿದ. ಅವ್ವನಿಗೂ ಆ ಅಳುಕು ಇದ್ದೀತೆಂದು ನನಗೆ ಈಗ ಅನ್ನಿಸುತ್ತದೆ.

ಸಂಗತಿ ಚರ್ಚಿನಲ್ಲಿ ಗೊತ್ತಾಯಿತು. ಆ ಹೆಂಗಸು ಇನ್ನು ಯಾವಾಗಿನಿಂದ ಆರಾಧನೆಗೆ ಬರುತ್ತಾಳೆ ಎಂದು ಹಿರಿಯರೊಬ್ಬರು ವಿಚಾರಿಸಿದರು.

"ಹೊಲ ಕೊಟ್ಟೇನ್ರಿ. ಆಕೀನ್ನ ಕೊಂಡಿಲ್ಲ," ಎಂದಳು ಅವ್ವ.

ಒಂದು ಮಳೆಗಾಲ ಕಾಲುವೆ ಒಡೆದು ಅವಳ ಮೆಂತ್ಯವೆಲ್ಲ ಕೊಳೆಯಿತು. ಆ ವಾರವೂ ಅವಳು ಒಂದು ಕಟ್ಟು ತಂದುಕೊಟ್ಟಳು. ಬೇರು ತೊಳೆದು ರಬ್ಬರ್ ಬ್ಯಾಂಡ್ ಹಾಕಿತ್ತು. ಸಂತೆಯಲ್ಲಿ ಕೊಂಡದ್ದೆಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಬೇಡ ಅನ್ನಬೇಕಿತ್ತು ಎಂದೆ ನಾನು, ಅವಳು ಹೋದ ಮೇಲೆ. ಅವ್ವ ಸೊಪ್ಪು ಸೋಸುತ್ತ, "ಕೊಡೂದು ನನಗಷ್ಟ ಬರತೈತೇನು?" ಎಂದಳು.

ಆ ಪಟ್ಟಿಯನ್ನು ಈಗಲೂ ಆ ಹೆಂಗಸೇ ಮಾಡುತ್ತಿದ್ದಾಳೆ. ಈ ವರ್ಷ ಬೆಂಡೆ ಹಾಕಿದ್ದಾಳೆ. ಅಪ್ಪ ನಮ್ಮ ಗದ್ದೆ ಹೊಡೆಯುವಾಗ ಟಿಲ್ಲರನ್ನು ಅತ್ತ ಕಡೆಗೂ ಒಂದು ಸುತ್ತು ತಿರುಗಿಸಿಕೊಂಡು ಬರುತ್ತಾನೆ.