ಚಮೇಲಿಯ ಗುಳಿಗೆ

ಬ್ಯಾಡಗಿಯ ಸಲಾವುದ್ದೀನನ ಖಾರದ ಗಿರಣಿಗೆ ಬಂದವರು ಸೀನುತ್ತಲೇ ಒಳಗೆ ಕಾಲಿಡುತ್ತಿದ್ದರು. ಸೀನದೆ ಓಡಾಡುತ್ತಿದ್ದುದು ಅವನ ಹೆಂಡತಿ ಜಾಹೀದಾ ಮತ್ತು ಅವಳ ಬೆಕ್ಕು ಚಮೇಲಿ, ಇಬ್ಬರೇ. ಗಿರಣಿಯ ಹಿಂದೆಯೇ ಮನೆ. ಜಾಹೀದಾ ಗಿರಾಕಿಗಳ ಮೆಣಸಿನಕಾಯಿ ತೂಗಿ, ತೊಟ್ಟು ಬಿಡಿಸಿ, ಹದವಾಗಿ ಹುರಿದು ಕೊಟ್ಟರೆ ಗಂಡ ಕುಟ್ಟುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಹನ್ನೆರಡು ವರ್ಷದಿಂದ ಬೆಳೆದ ಬೆಕ್ಕದು.

ಹೋದ ವರ್ಷ ಚಮೇಲಿ ವಿಚಿತ್ರವಾಗಿ ತಿನ್ನತೊಡಗಿತು. ಹಾಲು, ಮೀನು, ರೊಟ್ಟಿಯ ಚೂರು, ಯಾವುದು ಹಾಕಿದರೂ ಖಾಲಿ. ಆದರೂ ಬೆನ್ನೆಲುಬು ಎಣಿಸುವಂತೆ ಕಾಣುತ್ತಿತ್ತು. ಕಾರಣವಿಲ್ಲದೆ ಒದರುತ್ತ ಮನೆ ತುಂಬ ಸುತ್ತುತ್ತಿತ್ತು. ಓಣಿಯವರು ಹುಳುವಿನ ಔಷಧಿ ಹಾಕು ಅಂದರು, ಖಾರದ ಝಳ ತಗುಲಿದೆ ಅಂದರು. ಒಂದು ಸಂಜೆ ತೊಡೆಯ ಮೇಲೆ ಮಲಗಿಸಿಕೊಂಡಾಗ ಅದರ ಎದೆ ಹೊಡೆದುಕೊಳ್ಳುವ ರೀತಿಗೆ ಜಾಹೀದಾ ಬೆಚ್ಚಿ, ಮರುದಿನವೇ ಹಾವೇರಿಗೆ ಕರೆದೊಯ್ದಳು.

ಅಲ್ಲಿನ ಪಶುವೈದ್ಯೆ ಡಾ. ಮೇಘಾ ಕುತ್ತಿಗೆ ಮುಟ್ಟಿ ನೋಡಿ, ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದಳು. ಫಲಿತಾಂಶ ಬಂದ ದಿನ ಅವಳು ಹೇಳಿದಳು: "ಇದಕ್ಕ ಥೈರಾಯ್ಡ್ ಐತಿ ನೋಡ್ರಿ."

"ಅಯ್ಯ, ನನಗೂ ಅದ ಐತಲ್ರೀ ಮೇಡಂ!"

"ನಿಮ್ಮದು ಕಡಿಮಿ ಕೆಲಸ ಮಾಡ್ತೈತಿ, ಇದರದು ಹೆಚ್ಚು. ನಿಮ್ಮ ಗುಳಿಗಿ ಏರಸ್ತೈತಿ, ಇದರ ಗುಳಿಗಿ ಇಳಸ್ತೈತಿ. ದಿನಾ ಮುಂಜಾನೆ, ಸಂಜಿ ತಪ್ಪಸಬ್ಯಾಡ್ರಿ. ಒಮ್ಮೆ ತಪ್ಪಿದ್ರ ಮುಂದಿನ ಸಲ ಎರಡು ಕೂಡಿಸಿ ಕೊಡಬ್ಯಾಡ್ರಿ. ಎರಡು ವಾರಕ್ಕ ಮತ್ತ ರಕ್ತ ನೋಡೋಣು."

ಗುಳಿಗೆ ನುಂಗಿಸುವುದೇ ದೊಡ್ಡ ಕೆಲಸವಾಯಿತು. ಮೀನಿನ ತುಣುಕಿನೊಳಗೆ ಇಟ್ಟರೆ ಚಮೇಲಿ ಮೀನು ತಿಂದು ಗುಳಿಗೆಯನ್ನು ನೆಲಕ್ಕೆ ಉಗುಳುತ್ತಿತ್ತು. ಕೊನೆಗೆ ಟವೆಲ್ಲಿನಲ್ಲಿ ಸುತ್ತಿ, ದವಡೆ ಬಿಡಿಸಿ, ನಾಲಿಗೆಯ ಹಿಂದಕ್ಕೆ ಹಾಕುವುದನ್ನು ಗಂಡ ಹೆಂಡತಿ ಇಬ್ಬರೂ ಕಲಿತರು. ಇಬ್ಬರ ಕೈತುಂಬ ಗೀರು. ಮೊದಲ ವಾರ ವಾಂತಿ ಮಾಡಿದಾಗ ಡಾಕ್ಟರ್ ಪ್ರಮಾಣ ಇಳಿಸಿದಳು. ಆಮೇಲೆ ಹೊಂದಿಕೊಂಡಿತು. ಒದರಾಟ ನಿಂತಿತು, ಮೈಮೇಲೆ ಒಂದಿಷ್ಟು ಮಾಂಸವೂ ಕಂಡಿತು.

ಅಷ್ಟರಲ್ಲಿ ರಾಣೆಬೆನ್ನೂರಿನಲ್ಲಿ ಜಾಹೀದಾಳ ತಮ್ಮ ಅಶ್ಫಾಕನ ಮಗಳ ಮದುವೆ ನಿಶ್ಚಯ ಬಂತು. ಜಾಹೀದಾ ಒಂದು ರಾತ್ರಿ ಅಲ್ಲಿ ಉಳಿಯಬೇಕಿತ್ತು. ಬಸ್ಸಿನ ಅವಸರದಲ್ಲಿ ಗೋಡೆಯ ಮಾಡದಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಸಣ್ಣ ಡಬ್ಬಿಗಳಲ್ಲಿ ತನ್ನದೆಂದು ಒಂದನ್ನು ಚೀಲಕ್ಕೆ ತುರುಕಿ, "ಮಾಡದಾಗ ಸಣ್ಣ ಡಬ್ಬಿ ಐತಿ, ಸಂಜಿಕೊಂದು, ಮುಂಜಾನೆಕೊಂದು, ಮರೀಬ್ಯಾಡ್ರಿ" ಎಂದು ಗಂಡನಿಗೆ ಹೇಳಿ ಓಡಿದಳು.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಲು ಡಬ್ಬಿ ತೆಗೆದಳು. ಗುಳಿಗೆ ತುಟಿಯ ಹತ್ತಿರ ಬಂದಾಗ ಡಬ್ಬಿಯ ಮೇಲೆ ಡಾಕ್ಟರ್ ಬರೆದ ಬೆಕ್ಕಿನ ಹೆಸರು ಕಂಡಿತು. ಇದು ಇಲ್ಲಿದ್ದರೆ, ಅವನು ಅಲ್ಲಿ ಕೊಟ್ಟದ್ದು ಯಾವುದು?

ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಗಿರಣಿ ತಿರುಗುವಾಗ ಅವನಿಗೆ ಏನೂ ಕೇಳಿಸುವುದಿಲ್ಲ. ಬೇರೆ ದಾರಿ ಕಾಣದೆ ಗಿರಣಿಯ ಪಕ್ಕದ ಕಿರಾಣಿ ಅಂಗಡಿಯ ಯಲ್ಲೇಶನಿಗೆ ಹಚ್ಚಿದಳು.

"ಯಲ್ಲೇಶಪ್ಪಾ, ಲಗೂನ ಗಿರಣಿ ಬಂದ್ ಮಾಡ್ಸು! ಅವ್ರ ಕೈಯಾಗ ಫೋನ್ ಕೊಡು!"

ಗಿರಣಿಯ ಸದ್ದು ತಗ್ಗಿತು. ಸಲಾವುದ್ದೀನ ಏದುಸಿರಲ್ಲಿ ಬಂದ.

"ಚಮೇಲಿಗೆ ಯಾವ ಗುಳಿಗಿ ಕೊಟ್ರಿ?"

"ಮಾಡದಾಗಿಂದ. ಮ್ಯಾಲ ಥೈರೊ ಅಂತ ಬರದೈತಿ. ಓದೇ ಕೊಟ್ಟೇನಿ. ನಿನ್ನೆ ಸಂಜಿ ಒಂದು, ಈಗ ಒಂದು."

"ಅದು ನಂದು ರೀ! ಅದು ಏರಸೋ ಗುಳಿಗಿ! ಚಮೇಲಿ ಹೆಂಗೈತಿ?"

ಅವನು ಮನೆಯೊಳಗೆ ಓಡಿದ. ಮರಳಿ ಬಂದಾಗ ಅವನ ದನಿ ಬೇರೆಯೇ ಆಗಿತ್ತು. "ಮಂಚದ ಬುಡಕ ಕುಂತೈತಿ. ಬಾಯಿ ತಗದು ಉಸಿರಾಡಾಕತ್ತೈತಿ."

ಜಾಹೀದಾ ಡಾಕ್ಟರಿಗೆ ಫೋನು ಮಾಡಿದಳು. ಈಗಿಂದೀಗ ತರಬೇಕು, ಬಾಯಿಗೆ ಏನೂ ಹಾಕಬಾರದು, ಬಿಗಿಯಾಗಿ ಹಿಡಿದು ಹೆದರಿಸಬಾರದು, ಗಾಳಿಯಾಡುವ ಬುಟ್ಟಿಯಲ್ಲಿ ಇಡಬೇಕು ಎಂದಳು ಮೇಘಾ. ಸಲಾವುದ್ದೀನ ರಿಕ್ಷಾ ಹಿಡಿದ. ಇತ್ತ ಅಶ್ಫಾಕ ಬೈಕ್ ತೆಗೆದು, "ಆಪಾ, ಗಟ್ಟಿ ಹಿಡ್ಕೊ" ಎಂದ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಾಗುತ್ತ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಗಾಳಿಯ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ. ಗಂಡನ ಮೇಲೆ ಸಿಟ್ಟು ಉಕ್ಕುತ್ತಿತ್ತು. ಡಬ್ಬಿ ತಪ್ಪಿ ತಂದದ್ದು ತಾನೇ ಎಂಬುದು ಆ ಸಿಟ್ಟನ್ನು ಇನ್ನಷ್ಟು ಉರಿಸುತ್ತಿತ್ತು.

ದವಾಖಾನೆಗೆ ಮೊದಲು ತಲುಪಿದ್ದು ಸಲಾವುದ್ದೀನ. ಅವಳು ಬಂದಾಗ ಅವನು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿ, ಗಡ್ಡ, ಹುಬ್ಬು ಎಲ್ಲ ಕೆಂಪು ಖಾರ.

"ಒಳಗ ಯಾಕ ಇಲ್ಲ ನೀವು?"

"ನನ್ನ ಮೈಯಾಗಿನ ಖಾರಕ್ಕ ಅದಕ್ಕ ಉಸಿರು ಕಟ್ಟತೈತಂತ. ಮೇಡಂ ಹೊರಗ ಕಳಿಸಿದ್ರು." ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡಿದ್ದ. ಕಣ್ಣು ಉರಿಯುತ್ತಿದ್ದರೂ ಬಾಗಿಲಿನಿಂದ ದೃಷ್ಟಿ ತೆಗೆಯಲಿಲ್ಲ. "ನಾನ ಕೈಯಾರೆ ನುಂಗಸೀನಿ, ಜಾಹೀದಾ. ಉಗುಳಾಕ ಬಂತು. ಬಾಯಿ ಹಿಡದು ನುಂಗಸೀನಿ."

ಜಾಹೀದಾ ಅವನ ತೋಳು ಹಿಡಿದು ಎಬ್ಬಿಸಿದಳು. ನಲ್ಲಿಯ ಹತ್ತಿರ ಕರೆದೊಯ್ದು ಅವನ ಮುಖಕ್ಕೆ ನೀರು ಹಾಕಿ ಒಳಗೆ ಹೋದಳು.

ಚಮೇಲಿಯ ಮೂತಿಯ ಮುಂದೆ ಆಮ್ಲಜನಕದ ನಳಿಕೆ ಇತ್ತು. ಹೃದಯದ ಓಟ ತಗ್ಗಿಸಲು ಸೂಜಿ ಹಾಕಿದ್ದರು. ಮೇಘಾ ಎದೆಗೆ ಸ್ಟೆತಸ್ಕೋಪ್ ಇಟ್ಟು, ಗಡಿಯಾರ ನೋಡಿ ತೆಗೆಯುತ್ತಿದ್ದಳು. ಮತ್ತೆ ಇಡುತ್ತಿದ್ದಳು. ಹೇಗಿದೆ ಎಂದು ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂದು ಜಾಹೀದಾಗೆ ಭಯ.

ಮಧ್ಯಾಹ್ನ ದಾಟಿದ ಮೇಲೆ ಚಮೇಲಿ ಬಾಯಿ ಮುಚ್ಚಿತು. ಮೂಗಿನಿಂದ ಉಸಿರು ಬಂತು.

"ಎದಿ ಬಡಿತ ಇಳೀಲಿಕತ್ತೈತಿ," ಎಂದಳು ಮೇಘಾ. "ಆದ್ರ ಆ ಗುಳಿಗಿ ಮೈಯಾಗಿಂದ ಪೂರಾ ಹೋಗಾಕ ಒಂದೆರಡು ದಿನ ಬೇಕು. ಇಲ್ಲೇ ಇರ್ಲಿ."

ಇಬ್ಬರೂ ಹಾವೇರಿಯಲ್ಲೇ ಪರಿಚಯದವರ ಮನೆಯಲ್ಲಿ ಉಳಿದರು. ಗಿರಣಿಗೆ ಬೀಗ. ಮೂರನೆಯ ದಿನ ಚಮೇಲಿ ಮೀನು ತಿಂದು ಜಾಹೀದಾಳ ಕೈ ನೆಕ್ಕಿತು. ಮುಂದಿನ ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಿಡಿತಕ್ಕೆ ಬಂದಿತ್ತು. ಮೂತ್ರಪಿಂಡದ ಮೇಲೆ ಮಾತ್ರ ಕಣ್ಣಿಡಬೇಕು ಎಂದರು. ಗುಳಿಗೆ ಅದರ ಬದುಕು ಇರುವವರೆಗೂ.

ಈಗ ಚಮೇಲಿಯ ಡಬ್ಬಿ ಅಡುಗೆಮನೆಯಲ್ಲಿ, ಜಾಹೀದಾಳದು ಮಲಗುವ ಕೋಣೆಯಲ್ಲಿ. ಸಂಜೆ ಗಿರಣಿ ನಿಲ್ಲಿಸಿದ ಮೇಲೆ ಸಲಾವುದ್ದೀನ ಸಾಬೂನು ಹಚ್ಚಿ ಮೊಣಕೈವರೆಗೂ ತೊಳೆಯುತ್ತಾನೆ. ಗುಳಿಗೆಯನ್ನು ಅಂಗೈಯಲ್ಲಿಟ್ಟು ಹೆಂಡತಿಯ ಮುಂದೆ ಚಾಚುತ್ತಾನೆ.

"ಇದ ಹೌದಲ್ಲ?"

"ಹೌದ್ರಿ."

"ಮತ್ತೊಮ್ಮೆ ನೋಡು."

ಅವಳು ಮತ್ತೊಮ್ಮೆ ನೋಡುತ್ತಾಳೆ.